ಇಪ್ಪತ್ತಾರನೇ ಅಳತೆಯ ತೋಳು

ನನ್ನ ನಾದಿನಿಯ ಬಗ್ಗೆ ಬರೆಯುವ ಹಕ್ಕು ನನಗಿರುವಷ್ಟು ಇನ್ಯಾರಿಗೂ ಇಲ್ಲ. ಅವಳ ಜೊತೆ ಜಗಳ ಆಡಿದಷ್ಟು ನಾನು ಕಟ್ಟಿಕೊಂಡ ಗಂಡನ ಜೊತೆಗೂ ಆಡಿಲ್ಲ. ಗಂಡ ಜಗಳಕ್ಕೆ ಸಿಗುವವರಲ್ಲ. ನನ್ನ ಹತ್ತು ಮಾತಿಗೆ ಒಂದು ‘ಹೂಂ’ ಕೊಟ್ಟು ಇಸ್ತ್ರಿಪೆಟ್ಟಿಗೆಯ ಆವಿಯಲ್ಲಿ ಮರೆಯಾಗಿಬಿಡುತ್ತಾರೆ. ಅವರ ತಂಗಿ ಹಾಗಲ್ಲ. ನಾನು ಒಂದು ಅಂದರೆ ಅವಳು ಎರಡು ಅಂದು, ಮೂರನೆಯದನ್ನು ನಾಳೆಗೆ ಎತ್ತಿಟ್ಟುಕೊಳ್ಳುವವಳು.

ನಾವು ಮೂವರೂ ದುಡಿಯುವುದು ಒಂದೇ ಕಡೆ, ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ. ಒಂದರ ಹಿಂದೊಂದು ಮೂರು ಕೋಣೆ. ಮುಂದಿನದರಲ್ಲಿ ಎರಡು ಸಾಲು ಹೊಲಿಗೆ ಯಂತ್ರ, ಕಿಟಕಿಯ ಪಕ್ಕದಲ್ಲಿ ಕಾಜಾ ಹೊಲಿದು ಗುಂಡಿ ಹಾಕುವ ನಾನು. ಹಿಂದಿನದರಲ್ಲಿ ನನ್ನ ಗಂಡ ಮತ್ತು ಅವರ ಇಸ್ತ್ರಿಮೇಜು. ನಡುವಿನ ಕೋಣೆ ನಾದಿನಿಯ ರಾಜ್ಯ. ಅಲ್ಲಿ ಎರಡು ಬಾಗಿಲು ಜೋಡಿಸಿಟ್ಟಷ್ಟು ಉದ್ದದ ಮೇಜು, ಅದರ ಮೇಲೆ ಎಂಟು ಪದರ ಬಟ್ಟೆ, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ, ಗೆರೆಯ ಮೇಲೆ ಬಗ್ಗಿದ ಅವಳು. ಅವಳು ಎಡಚಿ. ಅಂಗಡಿಯ ಕತ್ತರಿಗಳೆಲ್ಲ ಬಲಗೈಯವರಿಗೆ ಮಾಡಿದವು. ಇವಳದೊಂದೇ ಎಡಗೈ ಕತ್ತರಿ. ಅದನ್ನು ಇನ್ನೊಬ್ಬರು ಮುಟ್ಟಿದರೆ ಬಟ್ಟೆಯೂ ತುಂಡಾಗುವುದಿಲ್ಲ, ಇವಳೂ ಸುಮ್ಮನಿರುವುದಿಲ್ಲ. ಹಾಗಾಗಿ ಎಲ್ಲರೂ ಅವಳನ್ನು ಕರೆಯುವುದೇ ಕತ್ತರಿ ಎಂದು. ನಾಲಿಗೆ ನೋಡಿ ಇಟ್ಟ ಹೆಸರು ಎಂದು ನಾನು, ಕೈಚಳಕ ನೋಡಿ ಇಟ್ಟದ್ದು ಎಂದು ಅವಳು.

ಆ ಮೇಜಿನ ಹಿಂದಿನ ಗೋಡೆಯಲ್ಲಿ ಸಾಲಾಗಿ ಮೊಳೆಗಳಿವೆ. ಒಂದೊಂದು ಮೊಳೆಯಲ್ಲಿ ಒಂದೊಂದು ಅಳತೆಯ ಅಚ್ಚುಗಳು: ಬೆನ್ನು, ಎದೆ, ತೋಳು, ಕಾಲರ್, ಎಲ್ಲವೂ ದಪ್ಪ ರಟ್ಟಿನಲ್ಲಿ ಕತ್ತರಿಸಿ, ತೂತು ಮಾಡಿ, ದಾರ ಪೋಣಿಸಿ ತೂಗುಹಾಕಿದ್ದು. ಹೊಸ ಮಾದರಿ ಬಂದಾಗ ಮೊದಲು ಹಳೆಯ ಪೇಪರಿನ ಮೇಲೆ ಬರೆಯುತ್ತಾರೆ. ಪೇಪರು ನಾಲ್ಕು ದಿನ ಬಾಳದು. ಸರಿಬಂದರೆ ಅದನ್ನು ರಟ್ಟಿಗೆ ಇಳಿಸಿ ಮೊಳೆಗೆ ಹಾಕುತ್ತಾರೆ. ಒಮ್ಮೆ ಮೊಳೆ ಏರಿದ ಅಚ್ಚನ್ನು ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಅದನ್ನಿಟ್ಟು ಕತ್ತರಿಸುತ್ತಾರೆ, ಹೊಲಿಯುತ್ತಾರೆ, ಮಡಿಸುತ್ತಾರೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕತ್ತರಿ ನಮ್ಮ ಮನೆಗೆ ಬಂದದ್ದು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಎರಡು ಚೀಲ ಮತ್ತು ಆ ಎಡಗೈ ಕತ್ತರಿಯ ಸಮೇತ. ಗಂಡ ತೀರಿಕೊಂಡಿದ್ದ. ಅವನು ಅವಳಿಗೆ ಬಿಟ್ಟುಹೋದದ್ದು ಎಚ್‌ಐವಿ ಒಂದನ್ನೇ. ಆ ಮನುಷ್ಯನ ಮೇಲೆ ನಾನು ಇದಕ್ಕಿಂತ ಹೆಚ್ಚು ಶಾಯಿ ಖರ್ಚು ಮಾಡುವುದಿಲ್ಲ.

ನಾನು ಆಗ ಮಾಡಿದ್ದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವಳೇ ಹೇಳುತ್ತಾಳೆ. ಹನ್ನೊಂದು ದಿನ ಅವಳ ತಟ್ಟೆ ಲೋಟ ಬೇರೆ ಇಟ್ಟೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಬುದ್ಧಿವಂತಿಕೆ. ಹನ್ನೆರಡನೇ ದಿನ ಬೆಳಿಗ್ಗೆ ನನ್ನನ್ನೂ ಅಣ್ಣನನ್ನೂ ಹೊರಡಿಸಿಕೊಂಡು ತಾನು ಔಷಧಿ ತೆಗೆದುಕೊಳ್ಳುವ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು.

ಅಲ್ಲಿನ ಡಾಕ್ಟರಮ್ಮ ದಪ್ಪಗೆ, ನಗುಮುಖದವರು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ತುಂಬ ಅದನ್ನೇ ಹುಡುಕುವವರು. ಸಿಕ್ಕ ಮೇಲೆ ಒಂದು ಹಾಳೆ ಎಳೆದುಕೊಂಡು ದೊಡ್ಡ ಸೊನ್ನೆ ಬರೆದರು.

“ನೋಡಿ, ಇದು ರಕ್ತದಲ್ಲಿರೋ ಕಾವಲಿನ ಕಣ. ಕಾವಲಿನವು ಹಲವು ಜಾತಿ ಇವೆ. ಇದು ಸಿಡಿ4 ಅಂತ. ಇದು ಮೇಸ್ತ್ರಿ ಇದ್ದ ಹಾಗೆ, ರೋಗ ಬಂದಾಗ ಉಳಿದವನ್ನ ಕೂಗಿ ಕರೆದು ಕೆಲಸ ಹಚ್ಚೋದು ಇದೇ. ಎಚ್‌ಐವಿ ಹುಡುಕಿಕೊಂಡು ಹೋಗೋದು ಈ ಮೇಸ್ತ್ರಿಯನ್ನೇ.”

“ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ,” ಅಂದೆ ನಾನು. ತಿಳಿಯದ ಕಡೆ ಒಂದು ಗಾದೆ ಒಗೆದರೆ ತಿಳಿದವರ ಹಾಗೆ ಕಾಣುತ್ತೇವೆ ಎನ್ನುವುದು ನನ್ನ ನಂಬಿಕೆ.

“ಇಲ್ಲಮ್ಮ, ಇಲ್ಲಿ ಬೇಲಿ ಮೇಯಲ್ಲ ಪಾಪ. ಬೇಲಿಯನ್ನೇ ಮೇಯ್ತಾರೆ.” ಡಾಕ್ಟರಮ್ಮ ಸೊನ್ನೆಯ ಮೇಲೆ ಎರಡು ಹಿಡಿ ಬರೆದರು. “ಕಣದ ಮೈಮೇಲೆ ಇಂಥ ಹಿಡಿಗಳಿರ್ತವೆ. ವೈರಸ್ ಮೊದಲು ಒಂದನ್ನ ಹಿಡಿಯುತ್ತೆ, ಆಮೇಲೆ ಪಕ್ಕದ ಇನ್ನೊಂದನ್ನ. ಎರಡೂ ಸಿಕ್ಕಿದ ಮೇಲೆ ಅದರ ಹೊದಿಕೆ ಕಣದ ಹೊದಿಕೆ ಜೊತೆ ಬೆರೆತುಹೋಗುತ್ತೆ. ಒಳಗಿನ ಸರಕು ಸೀದಾ ಕಣದೊಳಗೆ.”

“ಒಳಗೆ ಹೋಗಿ ಏನು ಮಾಡುತ್ತೆ?” ಕತ್ತರಿ ಕೇಳಿದಳು. ಬಟ್ಟೆಯ ಸುರುಳಿ ಬಿಚ್ಚಿದಾಗ ನೋಡುವ ಹಾಗೆ ಹಾಳೆಯನ್ನು ನೋಡುತ್ತಿದ್ದಳು.

“ತನ್ನಂಥವೇ ಇನ್ನಷ್ಟನ್ನ ಮಾಡಿಸುತ್ತೆ. ಆದರೆ ಅದರ ಹತ್ತಿರ ಇರೋ ಬರಹ ತೆಳ್ಳಗಿನದು, ಬೇಗ ಹಾಳಾಗೋದು. ಆರ್‌ಎನ್‌ಎ ಅಂತೀವಿ. ನಮ್ಮ ಕಣದ ಬರಹ ಡಿಎನ್‌ಎ, ಅದು ಗಟ್ಟಿ. ವೈರಸ್ ತನ್ನ ನಕಲುಗಾರನನ್ನ ಜೊತೆಗೇ ತಂದಿರುತ್ತೆ. ಅವನು ಆ ತೆಳು ಬರಹವನ್ನ ಗಟ್ಟಿ ಬರಹವಾಗಿ…”

“ಪೇಪರಿನ ಅಚ್ಚನ್ನ ರಟ್ಟಿಗೆ ಇಳಿಸ್ತಾನೆ,” ಅಂದಳು ಕತ್ತರಿ.

ಡಾಕ್ಟರಮ್ಮನ ಪೆನ್ನು ನಿಂತಿತು. “ಆಮೇಲೆ?”

“ಆಮೇಲೆ ನಮ್ಮದೇ ಮೊಳೆಗೆ ತೂಗುಹಾಕ್ತಾನೆ. ನಮ್ಮ ಅಚ್ಚುಗಳ ನಡುವೆ ಪೋಣಿಸಿಬಿಟ್ರೆ ಯಾರಿಗೆ ಗೊತ್ತಾಗುತ್ತೆ? ಅಂಗಡಿಯವರು ನಮ್ಮದೇ ಆರ್ಡರು ಅಂತ ಹೊಲೀತಾ ಹೋಗ್ತಾರೆ. ಬಟ್ಟೆ ನಮ್ಮದು, ದಾರ ನಮ್ಮದು, ಕರೆಂಟೂ ನಮ್ಮದು. ಮಾಲು ಅವನದು.”

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ವರ್ಷ ಪಾಠ ಹೇಳುತ್ತಿದ್ದೇನೆ, ಇಷ್ಟು ಸಲೀಸಾಗಿ ನನಗೇ ಹೇಳಲು ಬರಲಿಲ್ಲವಲ್ಲ ಎಂದು ಜೋರಾಗಿ ನಕ್ಕರು. ನನ್ನ ಗಂಡನೂ ಆವತ್ತು ‘ಹೂಂ’ ಬಿಟ್ಟು ‘ಭೇಷ್’ ಅಂದರು. ಗುಳಿಗೆ ಏನು ಮಾಡುತ್ತದೆ ಎಂದು ಆಮೇಲೆ ಡಾಕ್ಟರಮ್ಮ ವಿವರಿಸಿದರು: ಒಂದು ಔಷಧಿ ಆ ನಕಲುಗಾರನ ಕೈ ಕಟ್ಟಿಹಾಕುತ್ತದೆ, ಇನ್ನೊಂದು ಮೊಳೆಗೆ ಪೋಣಿಸುವವನ ಕೈ ಕಟ್ಟಿಹಾಕುತ್ತದೆ. ದಿನಾ ತೆಗೆದುಕೊಂಡರೆ ಹೊಸ ಕಣಗಳಿಗೆ ಕೇಡು ತಗಲುವುದಿಲ್ಲ, ಕಾವಲು ಮತ್ತೆ ಬೆಳೆಯುತ್ತದೆ. ಆದರೆ ನಕಲುಗಾರ ಮಹಾ ಅವಸರದವನು, ಬರೆದಾಗಲೆಲ್ಲ ಒಂದಿಷ್ಟು ತಪ್ಪು ಬರೆಯುತ್ತಾನೆ. ಒಂದು ದಿನ ಗುಳಿಗೆ ನುಂಗಿ ಒಂದು ದಿನ ಬಿಟ್ಟರೆ, ಆ ತಪ್ಪುಗಳಲ್ಲೇ ಯಾವುದಾದರೊಂದು ಗುಳಿಗೆಗೆ ಬಗ್ಗದ್ದಾಗಿ ಬೆಳೆಯುತ್ತದೆ. “ನಾವು ಚಾಪೆ ಕೆಳಗೆ ತೂರಿದ್ರೆ ಅದು ರಂಗೋಲಿ ಕೆಳಗೆ ತೂರುತ್ತೆ,” ಅಂದರು ಡಾಕ್ಟರಮ್ಮ. ಗಾದೆಯಲ್ಲೂ ನನ್ನನ್ನು ಸೋಲಿಸಿದ್ದು ನನಗೆ ಅಷ್ಟು ಹಿಡಿಸಲಿಲ್ಲ.

ಏಳುವ ಮುಂಚೆ ಕತ್ತರಿ ಕೇಳಿದಳು. “ತಟ್ಟೆ, ಲೋಟದಿಂದ ಅಂಟುತ್ತಾ ಡಾಕ್ಟ್ರೇ?” ಕೇಳುವಾಗ ನನ್ನ ಕಡೆ ನೋಡಲಿಲ್ಲ. ಅದು ಅವಳ ದೊಡ್ಡತನ.

“ಅಂಟಲ್ಲ. ಒಟ್ಟಿಗೆ ಉಣ್ಣಿ, ಒಟ್ಟಿಗೆ ಇರಿ, ಅಪ್ಪಿಕೊಳ್ಳಿ.”

ಮನೆಗೆ ಬಂದವಳು ನನ್ನ ತಟ್ಟೆಯನ್ನೇ ಎಳೆದುಕೊಂಡು ಉಂಡಳು. ನಾನು ಅವಳ ಲೋಟದಲ್ಲಿ ನೀರು ಕುಡಿದೆ, ಅರ್ಧದಲ್ಲೇ ಅಳು ಬಂತು. “ಲೋಟ ನಂದು, ಅಳು ನಿಂದು. ನಂದನ್ನ ತೊಳೆದಿಡು,” ಅಂದಳು. ಆ ಹನ್ನೊಂದು ದಿನಗಳ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಗಂಟೆ ಹೊಡೆಯುತ್ತದೆ. ಅದೇ ಅವಳ ಗುಳಿಗೆಯ ಹೊತ್ತಾಯಿತು. ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ಅಂಗಡಿಯ ಒಡತಿ, ಅರವತ್ತು ದಾಟಿದ ಗಟ್ಟಿ ಹೆಂಗಸು, ವಿಷಯ ಕೇಳಿ ಕಡ್ಡಿ ತುಂಡು ಮಾಡಿದ ಹಾಗೆ ಅಂದರು: “ನಂಗೆ ಬೇಕಾಗಿರೋದು ಕತ್ತರಿ ಹಿಡಿಯೋ ಕೈ. ಕೈ ಇದೆಯಲ್ಲ?” ಆಮೇಲೆ ಯಾರೂ ಉಸಿರೆತ್ತಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಗಂಟೆ ಹೊಡೆದ ಕೂಡಲೇ ಹನ್ನೆರಡು ಯಂತ್ರಗಳವರೂ ಒಟ್ಟಿಗೆ “ಕತ್ತರೀ, ಗುಳಿಗೆ!” ಎಂದು ಕೂಗುವುದು ರೂಢಿಯಾಗಿತ್ತು. ರಕ್ತಪರೀಕ್ಷೆಯ ಲೆಕ್ಕದಲ್ಲಿ ನೂರ ಎಂಬತ್ತಕ್ಕೆ ಇಳಿದಿದ್ದ ಮೇಸ್ತ್ರಿ ಕಣಗಳು ಮೂರು ವರ್ಷದಲ್ಲಿ ಆರುನೂರ ನಲವತ್ತಕ್ಕೆ ಏರಿದವು. ವೈರಸ್ಸಿನ ಲೆಕ್ಕದ ಎದುರು ವರದಿಯಲ್ಲಿ ಪ್ರತಿ ಸಲವೂ ಒಂದೇ ಮಾತು: ಕಾಣುತ್ತಿಲ್ಲ.

ಇನ್ನು ತೋಳಿನ ಕತೆ. ಇದರಲ್ಲಿ ತಪ್ಪು ನನ್ನದು, ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಚಳಿಗಾಲಕ್ಕೆ ಒಂದು ಶಾಲೆಯವರು ಉದ್ದ ತೋಳಿನ ಅಂಗಿ ಕೇಳಿದರು. ಕತ್ತರಿಗೆ ಪುರುಸೊತ್ತಿರಲಿಲ್ಲ, ಇಪ್ಪತ್ತಾರನೇ ಅಳತೆಯ ತೋಳನ್ನು ಪೇಪರಿನಿಂದ ರಟ್ಟಿಗೆ ಇಳಿಸುವ ಕೆಲಸ ನನಗೆ ಬಂತು. ತೋಳಿನ ಮೇಲ್ಭಾಗದ ಬಾಗು ಮುಂದೊಂದು ಥರ, ಹಿಂದೊಂದು ಥರ ಇರುತ್ತದೆ. ಯಾವುದು ಮುಂದು ಎಂದು ತಿಳಿಯಲು ಅಂಚಿನಲ್ಲಿ ಒಂದು ಚಿಕ್ಕ ಕಚ್ಚು ಹಾಕುತ್ತೇವೆ. ಹೊಲಿಯುವವರು ಬಾಗು ನೋಡುವುದಿಲ್ಲ, ಕಚ್ಚಿಗೆ ಕಚ್ಚು ಕೂಡಿಸಿ ಹೊಲಿದುಬಿಡುತ್ತಾರೆ. ನಾನು ಬಾಯಿ ತುಂಬ ಮಾತಾಡುತ್ತ ಮುಂದಿನ ಕಚ್ಚನ್ನು ಹಿಂದಕ್ಕೆ ಹಾಕಿದೆ. ಒಂದಲ್ಲ, ಎರಡು ರಟ್ಟಿಗೆ: ಮೇಜಿಗೊಂದು, ಅದು ಸವೆದರೆ ಇರಲಿ ಎಂದು ಮೂಲೆಯ ಮೊಳೆಗೊಂದು.

ಎಂಬತ್ತು ಅಂಗಿ ಹೊಲಿದಾಯಿತು. ಮಡಿಸಿಟ್ಟರೆ ಗೊಂಬೆಯ ಹಾಗಿದ್ದವು. ತೊಟ್ಟ ಮೇಲೆ ಗೊತ್ತಾದದ್ದು. ಮಕ್ಕಳಿಗೆ ಯಾರೋ ಹಿಂದಿನಿಂದ ತೋಳು ಹಿಡಿದು ಎಳೆದ ಹಾಗಾಗುತ್ತಿತ್ತು, ಕೈ ಭುಜಕ್ಕಿಂತ ಮೇಲೇಳುತ್ತಿರಲಿಲ್ಲ. ಮೇಷ್ಟ್ರು ಪ್ರಶ್ನೆ ಕೇಳಿದರೆ ಇಡೀ ತರಗತಿಯಲ್ಲಿ ಒಬ್ಬರೂ ಕೈ ಎತ್ತುತ್ತಿಲ್ಲ! ಇದೇನು ಇಷ್ಟು ದಡ್ಡರು ಎಂದು ಅವರು ಎರಡು ದಿನ ಅದೇ ಪಾಠವನ್ನು ಮತ್ತೆ ಮತ್ತೆ ಹೇಳಿದರಂತೆ. ಅಂಗಿಗಳೆಲ್ಲ ವಾಪಸು ಬಂದವು. ಎಂಬತ್ತರ ತೋಳನ್ನೂ ಬಿಚ್ಚಿ ತಿರುಗಿಸಿ ಹೊಲಿದೆವು. ಮೇಜಿನ ಮೇಲಿದ್ದ ತಪ್ಪು ರಟ್ಟನ್ನು ಒಡತಿ ನನ್ನ ಕಣ್ಣೆದುರೇ ಚೂರು ಮಾಡಿದರು, ಕತ್ತರಿ ಸರಿಯಾದ ಹೊಸದನ್ನು ಮಾಡಿಟ್ಟಳು. ಮೂಲೆಯ ಮೊಳೆಯದನ್ನು ನಾನು ಮರೆತೇಬಿಟ್ಟೆ.

ಅಂದಿನಿಂದ ನಮ್ಮಲ್ಲೊಂದು ಪದ್ಧತಿ: ಪ್ರತಿ ಆರ್ಡರಿನ ಮೊದಲ ಅಂಗಿಯನ್ನು ಆ ಅಳತೆಯ ಮಗುವಿಗೆ ತೊಡಿಸಿ ಎರಡೂ ಕೈ ಎತ್ತಿಸುವುದು. ಕೈ ಸಲೀಸಾಗಿ ಎದ್ದರೆ ಮಾಲು ಹೊರಗೆ.

ಅಷ್ಟರಲ್ಲಿ ದಾರದಂಗಡಿಯವರು ಕತೆಯೊಳಗೆ ಬಂದರು. ನಮಗೆ ದಾರ, ಗುಂಡಿ ತಂದುಕೊಡುವವರು. ನಲವತ್ತರ ಒಂಟಿ ಮನುಷ್ಯ, ಮಾತು ಕಡಿಮೆ, ಬಣ್ಣದ ಕಣ್ಣು ಮಾತ್ರ ಬಹಳ ಚುರುಕು. ಅಂಥವರು ಇದ್ದಕ್ಕಿದ್ದ ಹಾಗೆ ನೀಲಿ ಕೇಳಿದರೆ ಕಡುನೀಲಿ ತರತೊಡಗಿದರು. ಬದಲಾಯಿಸಿಕೊಡಲು ಮಾರನೇ ದಿನ ಮತ್ತೆ ಬರುವುದು, ನಡುವಿನ ಕೋಣೆಯ ಬಾಗಿಲಲ್ಲಿ ನಿಂತು “ಇದು ಸರಿಹೋಗುತ್ತಾ ನೋಡಿ” ಅನ್ನುವುದು. ಹೀಗೆ ಒಂದು ತಿಂಗಳಲ್ಲಿ ಆರು ಸಲ.

“ಇವರಿಗೆ ಕಣ್ಣು ಮಂಜಾಗಿದೆಯೋ ಏನೋ, ಪಾಪ,” ಅಂದಳು ಕತ್ತರಿ.

“ಮಂಜಾಗಿರೋದು ನಿಂಗೆ,” ಅಂದೆ.

ಏಳನೇ ಸಲ ಬಂದಾಗ ಅವಳು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಸೊನ್ನೆ ಬರೆದು, ಹಿಡಿ ಬರೆದು, ಮೊಳೆ ಬರೆದು ಎಲ್ಲವನ್ನೂ ಹೇಳಿದಳು. ಅವರು ಕೊನೆಯವರೆಗೂ ಕೇಳಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ, ಅದನ್ನೇನೂ ಅಲ್ಲಗಳೆಯುವುದಿಲ್ಲ.

“ನಾಳೆ ನಾನೂ ಆ ಡಾಕ್ಟರನ್ನ ನೋಡಬಹುದಾ?” ಅಂದರು ಅವರು. ನೋಡಿದರು. ಡಾಕ್ಟರಮ್ಮ ಅವರಿಗೆ ಹೇಳಿದ್ದು ಇಷ್ಟು: ಇವಳು ಗುಳಿಗೆ ತಪ್ಪಿಸದೆ, ವರದಿಯಲ್ಲಿ ವೈರಸ್ ಕಾಣದೆ ಇರುವವರೆಗೆ, ಗಂಡಹೆಂಡಿರ ಕೂಟದಿಂದ ಅದು ನಿಮಗೆ ದಾಟುವುದಿಲ್ಲ. ಎರಡು ತಿಂಗಳಲ್ಲಿ ಮದುವೆ ನೋಂದಾಯಿಸಿ ಬಂದರು. ಮದುಮಗನ ಅಂಗಿಯನ್ನು ಕತ್ತರಿಸಿದ್ದು ಮದುಮಗಳು, ಕಾಜಾ ನನ್ನದು, ಇಸ್ತ್ರಿ ನನ್ನ ಗಂಡನದು. ದಾರದ ಬಣ್ಣ ಆವತ್ತು ಮೊದಲ ಸಲಕ್ಕೇ ಸರಿಯಾಗಿತ್ತು.

ಮೂವತ್ತೇಳನೇ ವಯಸ್ಸಿನಲ್ಲಿ ಅವಳು ಬಸುರಿಯಾದಳು. ನಮ್ಮ ಸಂಭ್ರಮ ಕೇಳಬೇಡಿ. ನನಗೆ ಮಕ್ಕಳಿಲ್ಲ, ಆ ಮಗು ಹುಟ್ಟುವ ಮೊದಲೇ ಅರ್ಧ ನನ್ನದು ಎಂದು ನಾನು ಘೋಷಿಸಿಯಾಗಿತ್ತು. ಡಾಕ್ಟರಮ್ಮ ಭರವಸೆ ಕೊಟ್ಟಿದ್ದರು: ತಾಯಿ ಗುಳಿಗೆ ಸರಿಯಾಗಿ ನುಂಗಿದರೆ ಮಗುವಿಗೆ ಸೋಂಕು ದಾಟುವುದು ಬಲು ಅಪರೂಪ, ನೂರಕ್ಕೆ ಒಂದೂ ಇಲ್ಲ. ನಾನು ಅದರಲ್ಲಿ ‘ಅಪರೂಪ’ವನ್ನು ಕೇಳಿಸಿಕೊಂಡೆ, ‘ನುಂಗಿದರೆ’ಯನ್ನು ಬಿಟ್ಟೆ.

ಮೂರನೇ ತಿಂಗಳಲ್ಲಿ ಅವಳಿಗೆ ವಿಪರೀತ ವಾಂತಿ. ಒಂಬತ್ತಕ್ಕೆ ಗುಳಿಗೆ, ಒಂಬತ್ತೂಕಾಲಿಗೆ ಬಚ್ಚಲು. ಮುಖ ಬಿಳುಚಿ ಮೇಜಿಗೆ ಒರಗಿ ನಿಲ್ಲುತ್ತಿದ್ದಳು. ನೋಡಲಾಗಲಿಲ್ಲ ನನಗೆ. ಅದೇ ವಾರ ಬಂದ ವರದಿಯಲ್ಲಿ ಮತ್ತೆ ‘ಕಾಣುತ್ತಿಲ್ಲ’ ಎಂದಿತ್ತು. ಆಗ ನನ್ನ ಬುದ್ಧಿವಂತಿಕೆ ಎರಡನೇ ಸಲ ತಲೆ ಎತ್ತಿತು.

“ಎಂಟು ವರ್ಷದಿಂದ ಕಾಣ್ತಿಲ್ಲ. ಇಲ್ಲದ ಕಳ್ಳನಿಗೆ ಇನ್ನೂ ಎಷ್ಟು ದಿನ ಕಾವಲು? ಆ ಗುಳಿಗೆಯ ಉಷ್ಣ ಎಲ್ಲಾ ಮಗುವಿಗೇ ತಾನೇ ಹೋಗೋದು? ಹೆರಿಗೆ ಆಗೋವರೆಗೆ ಬಿಡು. ಆಮೇಲೆ ಬೇಕಿದ್ರೆ ನುಂಗು.”

ಬೇರೆ ದಿನವಾಗಿದ್ದರೆ ನನ್ನ ಮಾತನ್ನು ಕತ್ತರಿಸಿ ಕೈಗೆ ಕೊಡುತ್ತಿದ್ದಳು. ಆವತ್ತು ಸುಮ್ಮನೆ ಹೊಟ್ಟೆ ಮುಟ್ಟಿಕೊಂಡಳು. “ಡಾಕ್ಟ್ರು ಬೈತಾರೆ ಅತ್ತಿಗೆ,” ಅಂದಳು. “ಡಾಕ್ಟ್ರು ಹೆತ್ತಿಲ್ಲ,” ಅಂದೆ. ನಾನೂ ಹೆತ್ತಿಲ್ಲ ಎಂದು ಅವಳು ನೆನಪಿಸಲಿಲ್ಲ. ಮಾರನೇ ದಿನ ಒಂಬತ್ತಕ್ಕೆ ಎಲ್ಲರೂ ಕೂಗಿದಾಗ ಕೈ ಬಾಯಿಗೆ ಹೋಯಿತು, ಗುಳಿಗೆ ಸೆರಗಿಗೆ ಹೋಯಿತು. ನೋಡಿದವಳು ನಾನೊಬ್ಬಳೇ. ಹೀಗೆ ಮೂರು ದಿನ. ಕಾಕತಾಳೀಯವೋ ಏನೋ, ಮೂರನೇ ದಿನ ವಾಂತಿ ಕಡಿಮೆಯಾಗಿತ್ತು. ನೋಡಿದೆಯಾ ಎಂದು ನಾನು ಬೀಗಿದೆ.

ನಾಲ್ಕನೇ ದಿನ, ಚಳಿಗಾಲದ ಉದ್ದ ತೋಳಿನ ಆರ್ಡರು ಶುರುವಾಗಿತ್ತು. ಮೇಜಿನ ಇಪ್ಪತ್ತಾರನೇ ತೋಳಿನ ರಟ್ಟು ಅಂಚು ಸವೆದು ಹೋಗಿತ್ತು. “ಅತ್ತಿಗೆ, ಮೂಲೆ ಮೊಳೆಯಲ್ಲಿ ಇನ್ನೊಂದು ಇರಬೇಕು, ಕೊಡು,” ಅಂದಳು. ನಾನೇ ಸ್ಟೂಲ್ ಹತ್ತಿ, ಧೂಳು ಒರೆಸಿ ಕೊಟ್ಟೆ. ಅವಳು ಅದನ್ನಿಟ್ಟು ಗೆರೆ ಎಳೆದಳು, ಕತ್ತರಿಸಿದಳು. ಮಧ್ಯಾಹ್ನದೊಳಗೆ ಮೊದಲ ಅಂಗಿ ಸಿದ್ಧವಾಯಿತು. ಒಡತಿಯ ಮೊಮ್ಮಗಳು ಆ ವರ್ಷ ಸರಿಯಾಗಿ ಇಪ್ಪತ್ತಾರರ ಅಳತೆ. ಶಾಲೆ ಬಿಟ್ಟು ಬಂದವಳಿಗೆ ತೊಡಿಸಿದೆವು.

“ಕೈ ಎತ್ತು ಪುಟ್ಟಿ.”

ಪುಟ್ಟಿಯ ಕೈ ಭುಜದವರೆಗೆ ಬಂದು ನಿಂತಿತು. ಮುಖ ಕೆಂಪಾಗುವಷ್ಟು ಎಳೆದಳು, ಆಗಲಿಲ್ಲ. “ಅಜ್ಜೀ, ಈ ಅಂಗಿ ನನ್ನ ಹಿಂದಕ್ಕೆ ಎಳೀತಿದೆ!”

ರಟ್ಟು ತಂದು ನೋಡಿದರೆ ಕಚ್ಚು ಹಿಂದಿತ್ತು. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ‘ಮುಂದೆ’ ಎಂದಿತ್ತು. ಒಡತಿ ನನ್ನನ್ನು ನೋಡಿದರು. “ನಾಲ್ಕು ವರ್ಷದ ಹಿಂದೆ ಎಂಬತ್ತು ಅಂಗಿ ಬಿಚ್ಚಿದ್ವಲ್ಲ, ಆವತ್ತೇ ಮುಗೀತು ಅಂದ್ಕೊಂಡಿದ್ದೆ!”

“ನಾನೂ,” ಅಂದೆ.

ಕತ್ತರಿ ಆ ರಟ್ಟನ್ನು ಎಡಗೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು.

“ಅತ್ತಿಗೆ, ನಾಲ್ಕು ವರ್ಷ ಒಂದು ಅಂಗಿಯೂ ಕೆಡಲಿಲ್ಲ,” ಅಂದಳು ಮೆಲ್ಲಗೆ. “ಎಲ್ಲೂ ಕಾಣಲಿಲ್ಲ. ಆದ್ರೆ ಇದು ಇಲ್ಲೇ ಇತ್ತು.”

ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು: ವೈರಸ್ ಹೊಕ್ಕ ಕಣಗಳಲ್ಲಿ ಹೆಚ್ಚಿನವು ಬೇಗ ಸಾಯುತ್ತವೆ, ಆದರೆ ಕೆಲವು ಮೇಸ್ತ್ರಿ ಕಣಗಳು ಅಚ್ಚು ಪೋಣಿಸಿಕೊಂಡೇ ನಿದ್ದೆಗೆ ಜಾರುತ್ತವೆ. ಹಳೆಯ ರೋಗಗಳನ್ನು ನೆನಪಿಟ್ಟುಕೊಂಡು ವರ್ಷಗಟ್ಟಲೆ ಸುಮ್ಮನಿರುವುದೇ ಅವುಗಳ ಕೆಲಸ. ಅವು ಏನನ್ನೂ ಹೊಲಿಯುವುದಿಲ್ಲ, ಹಾಗಾಗಿ ಗುಳಿಗೆಗೂ ಸಿಗುವುದಿಲ್ಲ, ಪರೀಕ್ಷೆಗೂ ಕಾಣುವುದಿಲ್ಲ. ಎಂದಾದರೂ ಎಚ್ಚರವಾದರೆ ಹೊಲಿಗೆ ಮತ್ತೆ ಶುರು. ಗುಳಿಗೆಯಿದ್ದರೆ ಹಾಗೆ ಹೊರಬಂದದ್ದು ಇನ್ನೊಂದು ಕಣದ ಮೊಳೆ ಏರದೆ ಅಲ್ಲಿಗೇ ನಿಲ್ಲುತ್ತದೆ. ಗುಳಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಮೈಯೆಲ್ಲ ಅದೇ. ಬೂದಿ ಮುಚ್ಚಿದ ಕೆಂಡ ಎಂದು ಅವರು ಅಂದಾಗ ನಾನು ಈ ಗಾದೆ ನನಗೆ ಗೊತ್ತು ಎಂದು ತಲೆಯಾಡಿಸಿದ್ದೆ. ಗಾದೆ ಗೊತ್ತಿತ್ತು, ಅಷ್ಟೇ.

ಕತ್ತರಿ ಸೆರಗಿನ ಗಂಟು ಬಿಚ್ಚಿದಳು. ಮೂರು ದಿನದ ಮೂರು ಗುಳಿಗೆಗಳ ಜೊತೆ ಆವತ್ತಿನದೂ ಅಲ್ಲಿತ್ತು. ಆವತ್ತಿನದನ್ನು ಎಲ್ಲರೆದುರು ನುಂಗಿ, ಮೇಲೆ ಒಂದು ಲೋಟ ನೀರು ಕುಡಿದಳು. ಆಮೇಲೆ ನನ್ನ ಕೈ ಹಿಡಿದು ಎಳೆದುಕೊಂಡೇ ಕ್ಲಿನಿಕ್ಕಿಗೆ ಓಡಿದಳು. ಬಸುರಿಯ ಓಟಕ್ಕೆ ನನಗೆ ಏದುಸಿರು ಬಂತು.

ಡಾಕ್ಟರಮ್ಮ ಅವಳನ್ನು ಎರಡು ಮಾತು ಬೈದರು, ನನ್ನನ್ನು ಇಪ್ಪತ್ತು. ವಾಂತಿಯ ವಿಷಯ ಮೊದಲೇ ತಮಗೆ ಯಾಕೆ ಹೇಳಲಿಲ್ಲ, ಅದಕ್ಕೂ ಗುಳಿಗೆ ಇದೆ ಎಂದು ಚೀಟಿ ಬರೆದರು. ರಕ್ತ ತೆಗೆದರು, ಎರಡು ವಾರ ಬಿಟ್ಟು ಮತ್ತೆ ತೆಗೆದರು. ನನ್ನ ನಾಲಿಗೆಯಿಂದ ಆ ಮಗುವಿಗೆ ಏನಾದರೂ ಆದರೆ ನಾನು ಬದುಕಿ ಏನು ಪ್ರಯೋಜನ ಎಂದು ಆ ಎರಡು ವಾರದಲ್ಲಿ ನೂರು ಸಲ ಅಂದುಕೊಂಡೆ. ಎರಡು ಸಲವೂ ವರದಿ ‘ಕಾಣುತ್ತಿಲ್ಲ’ ಎಂದಿತು. ಈ ಸಲ ಆ ಮಾತಿಗೆ ನಾನು ಮೋಸಹೋಗಲಿಲ್ಲ. ಅಂದಿನಿಂದ ಗುಳಿಗೆಯ ಡಬ್ಬಿ ನನ್ನ ಚೀಲದಲ್ಲಿ; ಗಂಟೆಯ ಮೊದಲ ಸದ್ದಿಗೆ ನಾನು ನಡುವಿನ ಕೋಣೆಯಲ್ಲಿ. “ಪೊಲೀಸಮ್ಮ ಬಂದ್ರು,” ಅನ್ನುತ್ತಿದ್ದಳು ಕತ್ತರಿ. ನಾಲಿಗೆ ಚಾಚಿ ತೋರಿಸಿದ ಮೇಲೆಯೇ ನಾನು ಹೊರಗೆ ಬರುತ್ತಿದ್ದೆ.

ಹೆಣ್ಣು ಮಗು ಹುಟ್ಟಿತು. ಮೂರು ಕಿಲೋ ತೂಕ, ಅರ್ಧ ಊರಿಗೆ ಕೇಳುವ ದನಿ. “ಅತ್ತೆಯ ಗಂಟಲು,” ಅಂದರು ನನ್ನ ಗಂಡ, ಇಡೀ ವಾರದ ಮಾತನ್ನು ಒಂದೇ ಸಲ ಆಡಿ. ಆರು ವಾರ ಮಗುವಿಗೂ ಒಂದು ಸಿಹಿ ಔಷಧಿ ಹನಿಸಿದೆವು. ಆರನೇ ವಾರದಲ್ಲೊಂದು, ಆರನೇ ತಿಂಗಳಲ್ಲೊಂದು ಪರೀಕ್ಷೆ. ಎರಡೂ ಒಳ್ಳೆಯ ಸುದ್ದಿಯೇ. ಆದರೆ ಕೊನೆಯ ಪರೀಕ್ಷೆ ಒಂದೂವರೆ ವರ್ಷಕ್ಕೆ. ಅಷ್ಟರಲ್ಲಿ ತಾಯಿಯ ಮೈಯಿಂದ ಬಂದು ಪರೀಕ್ಷೆಯ ದಾರಿ ತಪ್ಪಿಸುವ ಪ್ರತಿಕಾಯಗಳು ಕರಗಿ, ಎದೆಹಾಲು ಬಿಟ್ಟೂ ಕೆಲವು ತಿಂಗಳಾಗಿರುತ್ತದೆ. ಆಗ ಬಂದ ಮಾತು ಕೊನೆಯ ಮಾತು ಎಂದಿದ್ದರು ಡಾಕ್ಟರಮ್ಮ.

ಆ ಪರೀಕ್ಷೆಗೆ ಹೋಗುವ ಮುನ್ನಾದಿನ ಕತ್ತರಿ ಮಗುವಿಗೊಂದು ಹಳದಿ ಅಂಗಿ ಕತ್ತರಿಸಿದಳು. ಹೊಸ ಅಳತೆ, ಹೊಸ ರಟ್ಟು. ತೋಳಿನ ಅಚ್ಚು ಮುಗಿಸಿ ನನ್ನನ್ನು ಕರೆದು ತನ್ನ ಕತ್ತರಿಯನ್ನು ಚಾಚಿದಳು. ಅದೇ ಎಡಗೈ ಕತ್ತರಿ, ಯಾರಿಗೂ ಮುಟ್ಟಲು ಕೊಡದ್ದು.

“ಕಚ್ಚು ನೀನು ಹಾಕು.”

“ನಾನಾ? ಬೇಡಮ್ಮ!”

“ಮಗು ಅರ್ಧ ನಿಂದಲ್ವಾ? ಹಾಕು. ಮಾತಾಡದೆ ಹಾಕು.”

ಬಾಗನ್ನು ಮೂರು ಸಲ ಸವರಿ ನೋಡಿದೆ. ನನ್ನ ಬಲಗೈಗೆ ಆ ಕತ್ತರಿ ಒಗ್ಗಲಿಲ್ಲ. ಎಡಗೈಗೆ ಬದಲಾಯಿಸಿಕೊಂಡು ಒಂದು ಕಚ್ಚು ಹಾಕಿದೆ. ಸ್ವಲ್ಪ ಸೊಟ್ಟಗೆ ಬಂತು, ಆದರೆ ಮುಂದೆಯೇ ಬಂತು.

ರಕ್ತ ಕೊಟ್ಟು ಬಂದು, ವರದಿ ತರುವ ದಿನ ಬೆಳಿಗ್ಗೆ ಕ್ಲಿನಿಕ್ಕು ಬಾಗಿಲು ತೆರೆಯುವ ಮೊದಲೇ ನಾವೆಲ್ಲ ಹೊರಗಿನ ಬೆಂಚಿನ ಮೇಲಿದ್ದೆವು. ದಾರದಂಗಡಿಯವರು ಕರವಸ್ತ್ರದ ಅಂಚಿನ ನೂಲನ್ನು ಎಳೆದೆಳೆದು ಅರ್ಧ ಬಿಚ್ಚಿಹಾಕಿದ್ದರು. ಕತ್ತರಿ ನೆಲ ನೋಡುತ್ತಿದ್ದಳು. ಮಗು ಮಾತ್ರ ಹಳದಿ ಅಂಗಿಯಲ್ಲಿ ಬೆಂಚಿನಿಂದ ಬೆಂಚಿಗೆ ಓಡಾಡಿ, ಕಾಯುತ್ತಿದ್ದವರ ಮೊಣಕಾಲನ್ನೆಲ್ಲ ಎಣಿಸುತ್ತಿತ್ತು. ಡಾಕ್ಟರಮ್ಮ ತಾವೇ ಹೊರಗೆ ಬಂದರು, ಕೈಯಲ್ಲಿ ಹಾಳೆ, ಕನ್ನಡಕ ತಲೆಯ ಮೇಲೆ.

“ಅಮ್ಮನದು ಕಾಣ್ತಿಲ್ಲ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. “ಇವಳದು ಇಲ್ಲ. ಎಲ್ಲೂ ಇಲ್ಲ. ಇವಳ ಯಾವ ಮೊಳೆಯಲ್ಲೂ ಆ ಅಚ್ಚಿಲ್ಲ. ಗೊತ್ತಾಯ್ತಾ?”

ಗೊತ್ತಾಯಿತು. ಆ ಎರಡು ಮಾತಿನ ನಡುವಿನ ಅಂತರ ನನ್ನಷ್ಟು ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕತ್ತರಿ ಗಂಡನನ್ನು ಅಪ್ಪಿಕೊಂಡಳು, ಅಣ್ಣನನ್ನು ಅಪ್ಪಿಕೊಂಡಳು, ಪಕ್ಕದಲ್ಲಿ ಕಾಯುತ್ತಿದ್ದ ಯಾರೋ ಮುದುಕಿಯನ್ನೂ ಅಪ್ಪಿಕೊಂಡಳು. ಡಾಕ್ಟರಮ್ಮ ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆಯಲು ಹೋಗಿ, ಮೂಗಿನ ಮೇಲೆ ಅದು ಸಿಗದೆ ಮತ್ತೆ ನಕ್ಕರು. ನನಗೂ ಕುಣಿಯುವಷ್ಟು ಸಂತೋಷವಾಗಿತ್ತು. ಅಷ್ಟರಲ್ಲಿ ಬಾಗಿಲ ಮೇಲಿನ ಗಡಿಯಾರ ಕಣ್ಣಿಗೆ ಬಿತ್ತು. ಒಂಬತ್ತು ದಾಟಿ ಹತ್ತು ನಿಮಿಷ.

ಚೀಲದಿಂದ ಡಬ್ಬಿ ತೆಗೆದು, ಗುಳಿಗೆಯನ್ನು ಅಂಗೈ ಮೇಲಿಟ್ಟು ಅವಳ ಮುಂದೆ ಹಿಡಿದೆ.

“ಮೊದಲು ಇದು. ಆಮೇಲೆ ಕುಣಿ.”

ಅವಳು ನನ್ನ ಮುಖ ನೋಡಿದಳು, ಗುಳಿಗೆ ನೋಡಿದಳು, ಜಗಳಕ್ಕೆ ಒಂದು ಮಾತು ಹುಡುಕಿದಳು, ಸಿಗಲಿಲ್ಲ. ನುಂಗಿ, ರೂಢಿಯ ಹಾಗೆ ನಾಲಿಗೆ ಚಾಚಿ ತೋರಿಸಿದಳು. ಆಗ ಕೆಳಗಿನಿಂದ “ಅತ್ತೇ!” ಎಂಬ ಕೂಗು ಕೇಳಿಸಿತು. ಮಗು ನನ್ನ ಕಾಲ ಬಳಿ ನಿಂತು, ಎತ್ತಿಕೋ ಎಂದು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿತ್ತು. ತೋಳು ಎಲ್ಲೂ ಎಳೆಯುತ್ತಿರಲಿಲ್ಲ.